ಕಚೇರಿಯ ಗಣಕಯಂತ್ರ ಮತ್ತು ಲಿನಕ್ಸ್: ಸದಸ್ಯರ ತಿಳುವಳಿಕೆಗಾಗಿ



ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಸಂಘದ ಕಚೇರಿಗೆ ಮೂರು ಹೊಸ ಗಣಕಯಂತ್ರಗಳನ್ನು ಕೊಳ್ಳುವ ವಿಷಯ ಬಂತು. ಆಗ ಹಿರಿಯ ಸದಸ್ಯರೊಬ್ಬರು, "ಇರುವ ಯಂತ್ರಗಳು ಕೆಟ್ಟಿಲ್ಲವಲ್ಲ ಸೆಕ್ರೆಟರಿಯವರೇ, ಮತ್ತೇಕೆ ಹೊಸದು?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಮೂವತ್ತು ವರ್ಷದ ಪಂಪ್‌ಸೆಟ್ಟನ್ನು ರಿವೈಂಡಿಂಗ್ ಮಾಡಿಸಿಕೊಂಡು ಇಂದಿಗೂ ಓಡಿಸುತ್ತಿರುವವರು ನಾವು. ಒಂಬತ್ತು ವರ್ಷದ ಯಂತ್ರವನ್ನು ಮೂಲೆಗೆ ಹಾಕೋಣವೆಂದರೆ ಯಾರಿಗೂ ಸರಿ ಕಾಣುವುದಿಲ್ಲ. ಅಂದು ಸಮಯವಿಲ್ಲದ್ದರಿಂದ ನಾನು ಅರ್ಧಂಬರ್ಧ ಉತ್ತರ ಕೊಟ್ಟೆ. ಪೂರ್ಣ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಮಹಾಸಭೆಯಲ್ಲಿ ಈ ವಿಷಯ ತೀರ್ಮಾನಕ್ಕೆ ಬರಲಿದೆ. ಸದಸ್ಯರು ಓದಿಕೊಂಡು ಬಂದರೆ ಚರ್ಚೆಗೆ ಅನುಕೂಲವಾದೀತು.

ಕೆಡದ ಯಂತ್ರ ಹಳತಾದದ್ದು ಹೇಗೆ?

ಗಣಕಯಂತ್ರದಲ್ಲಿ ಎರಡು ಭಾಗಗಳಿವೆ. ಕಣ್ಣಿಗೆ ಕಾಣುವ ಯಂತ್ರ ಒಂದು. ಅದನ್ನು ನಡೆಸುವ ತಂತ್ರಾಂಶ ಇನ್ನೊಂದು. ಕೀಲಿ ಒತ್ತಿದ್ದನ್ನು ತಿಳಿಯುವುದು, ಕಡತಗಳನ್ನು ಜೋಡಿಸಿಡುವುದು, ಮುದ್ರಣಯಂತ್ರಕ್ಕೆ ಹೇಳಿ ಕಳಿಸುವುದು, ಇವೆಲ್ಲ ಆಪರೇಟಿಂಗ್ ಸಿಸ್ಟಂ ಎಂಬ ಮುಖ್ಯ ತಂತ್ರಾಂಶದ ಕೆಲಸ. ತೋಟಕ್ಕೆ ರೈಟರ್ ಇದ್ದಂತೆ ಯಂತ್ರಕ್ಕೆ ಇದು. ನಮ್ಮ ಕಚೇರಿಯಲ್ಲಿರುವುದು ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 10. ಅದು 2015ರ ಜುಲೈನಲ್ಲಿ ಬಂದದ್ದು. 2025ರ ಅಕ್ಟೋಬರ್ 14ರಂದು ಕಂಪನಿ ಅದರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು.

ಬೆಂಬಲ ನಿಂತಿತೆಂದರೆ ಯಂತ್ರ ನಿಲ್ಲುತ್ತದೆಂದು ಅರ್ಥವಲ್ಲ. ಬೇಲಿಯಲ್ಲಿ ಹೊಸ ಕಂಡಿ ಬಿದ್ದರೆ ಮುಚ್ಚುವವರು ಇಲ್ಲ ಎಂದು ಅರ್ಥ. ಎಂತಹ ತಂತ್ರಾಂಶದಲ್ಲೂ ತಪ್ಪುಗಳಿರುತ್ತವೆ. ಅವನ್ನು ಹುಡುಕಿ ಒಳನುಗ್ಗುವ ಕಳ್ಳರು ಇರುತ್ತಾರೆ. ತಪ್ಪು ಗೊತ್ತಾದಾಗಲೆಲ್ಲ ಕಂಪನಿ ಸರಿಪಡಿಸಿ ಕಳಿಸುತ್ತಿತ್ತು. ಇನ್ನು ಅದು ಬೇಕಾದರೆ ಸಂಸ್ಥೆಗಳು ಹಣ ಕೊಡಬೇಕು. ಕಂಪನಿ ಪ್ರಕಟಿಸಿದ ದರ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್. ಪ್ರತಿ ವರ್ಷ ಅದು ಇಮ್ಮಡಿಯಾಗುತ್ತದೆ. ಮೂರು ವರ್ಷಕ್ಕೆ ಮುಗಿಯುತ್ತದೆ. ಸದಸ್ಯರ ಷೇರು ಖಾತೆ, ಸಾಲದ ಲೆಕ್ಕ, ಬ್ಯಾಂಕ್ ವ್ಯವಹಾರ ಎಲ್ಲವೂ ಈ ಯಂತ್ರಗಳಲ್ಲಿ ಇರುವುದರಿಂದ, 'ಏನಾಗುತ್ತದೋ ನೋಡೋಣ' ಎಂದು ಕೂರುವ ಹಾಗಿಲ್ಲ.

ವಿಂಡೋಸ್ 11 ಹಾಕಿಸಬಾರದೇ ಎಂದರೆ, ಅದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಬೇಕು. ಪ್ರೊಸೆಸರ್ ಇಂಟೆಲ್ ಕಂಪನಿಯದ್ದಾದರೆ ಎಂಟನೆಯ ಪೀಳಿಗೆಯದು ಅಥವಾ ಅದಕ್ಕಿಂತ ಹೊಸದಾಗಿರಬೇಕು. ನಮ್ಮವು ಆರನೆಯ ಪೀಳಿಗೆಯವು. ಹೀಗೆ ಏನೂ ಕೆಡದ ಯಂತ್ರ ಕಾಗದದ ಮೇಲೆ ಹಳತಾಗಿ ಹೋಯಿತು. ಜಗತ್ತಿನಾದ್ಯಂತ ಲಕ್ಷಾಂತರ ಯಂತ್ರಗಳ ಗತಿ ಇದೇ ಆಗಿದೆ. ಈ ಸಂದರ್ಭದಲ್ಲಿಯೇ ಲಿನಕ್ಸ್ ಎಂಬ ಹೆಸರು ನಮ್ಮಂಥವರ ಕಿವಿಗೂ ಬೀಳತೊಡಗಿದೆ.

ಲಿನಕ್ಸ್ ಎಂದರೇನು?

ಮೊದಲು ಒಂದು ಹೋಲಿಕೆ ಹೇಳುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ಎಲ್ಲರಿಗೂ ಬಾಯಿಪಾಠ: ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಈ ಔಷಧಿಯನ್ನು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್ ಅವರು ಕಳೆದ ಶತಮಾನದ ಆರಂಭದಲ್ಲಿ ನಮ್ಮ ಅಡಿಕೆಗೆ ಹೊಂದಿಸಿ ತೋರಿಸಿದರು. ಅದರ ಸೂತ್ರ ಯಾರ ಪೆಟ್ಟಿಗೆಯಲ್ಲಿಯೂ ಇಲ್ಲ. ಯಾರು ಬೇಕಾದರೂ ತಯಾರಿಸಬಹುದು. ಕತ್ತಿಯ ಅಲಗನ್ನು ಅದ್ದಿ, ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದೆಂದು ನಾವೇ ಪರೀಕ್ಷಿಸಿ ಸರಿಮಾಡಿಕೊಳ್ಳಬಹುದು. ಪಕ್ಕದ ಮನೆಯವರಿಗೂ ಹೇಳಿಕೊಡಬಹುದು. ಅಂಗಡಿಯಿಂದ ತರುವ ಮೊಹರು ಹಾಕಿದ ಬಾಟಲಿ ಹಾಗಲ್ಲ. ಕಂಪನಿ ತಯಾರಿಕೆ ನಿಲ್ಲಿಸಿದರೆ ಅಲ್ಲಿಗೆ ಮುಗಿಯಿತು.

ತಂತ್ರಾಂಶದಲ್ಲಿಯೂ ಇವೇ ಎರಡು ಬಗೆಗಳಿವೆ. ತಂತ್ರಾಂಶವೆಂದರೆ ಯಂತ್ರಕ್ಕೆ ಬರೆದುಕೊಟ್ಟ ಆದೇಶಗಳ ಸಾಲು. ಮನುಷ್ಯರು ಓದಬಹುದಾದ ಆ ಮೂಲ ಬರಹವನ್ನು ಸೋರ್ಸ್ ಕೋಡ್ ಎನ್ನುತ್ತಾರೆ. ವಿಂಡೋಸಿನ ಮೂಲ ಬರಹ ಕಂಪನಿಯ ಗುಟ್ಟು. ಇದಕ್ಕೆ ವಿರುದ್ಧವಾಗಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವ, ಬಿಚ್ಚಿ ನೋಡಿ ಬದಲಿಸುವ, ಇತರರಿಗೆ ಹಂಚುವ, ಬದಲಿಸಿದ್ದನ್ನೂ ಹಂಚುವ ಸ್ವಾತಂತ್ರ್ಯ ಬಳಸುವವರಿಗೆ ಇರಬೇಕೆಂಬುದು ಅವರ ವಾದ. 1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಲೀನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಹವ್ಯಾಸಕ್ಕೆಂದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು ಬರೆದು ಎಲ್ಲರ ಮುಂದಿಟ್ಟರು. ಅದೇ ಲಿನಕ್ಸ್. ಮರುವರ್ಷ ಅದನ್ನು ಸ್ಟಾಲ್‌ಮನ್ ಅವರು ರೂಪಿಸಿದ್ದ ಪರವಾನಗಿಯಡಿ ತಂದರು. ಆ ಪರವಾನಗಿಯ ಷರತ್ತು ಮುಖ್ಯವಾದದ್ದು: ನೀನು ಬದಲಿಸಿ ಇತರರಿಗೆ ಹಂಚಿದರೆ, ಮೂಲ ಬರಹವನ್ನೂ ಅದೇ ಸ್ವಾತಂತ್ರ್ಯವನ್ನೂ ಅವರಿಗೆ ಕೊಡತಕ್ಕದ್ದು.

ತಿರುಳೊಂದರಿಂದಲೇ ಕೆಲಸವಾಗುವುದಿಲ್ಲ. ಅದಕ್ಕೆ ಬೇಕಾದ ಇತರ ತಂತ್ರಾಂಶಗಳನ್ನು ಕೂಡಿಸಿ ಸಿದ್ಧಪಡಿಸಿದ್ದಕ್ಕೆ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. 1993ರಲ್ಲಿ ಆರಂಭವಾದ ಡೆಬಿಯನ್, 2004ರ ಉಬುಂಟು, 2006ರ ಲಿನಕ್ಸ್ ಮಿಂಟ್ ಇಂತಹವು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಸಹ ಬಾಸ್ ಎಂಬ ಲಿನಕ್ಸನ್ನು ಹೊರತಂದಿದೆ. ಲಿನಕ್ಸನ್ನು ನಾನು ನೋಡೇ ಇಲ್ಲ ಎನ್ನುವ ಸದಸ್ಯರ ಜೇಬಿನಲ್ಲಿಯೂ ಅದು ಇರಬಹುದು. ಆಂಡ್ರಾಯ್ಡ್ ಫೋನುಗಳ ತಿರುಳು ಲಿನಕ್ಸೇ. ಜಗತ್ತಿನ ಅತಿ ವೇಗದ 500 ಗಣಕಯಂತ್ರಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಲಿನಕ್ಸಿನದ್ದೇ ಪಾರುಪತ್ಯ.

ಹಣದ ಮಾತಿಗಿಂತ ದೊಡ್ಡದು

ಲಿನಕ್ಸ್ ಮಿಂಟನ್ನು ದುಡ್ಡು ಕೊಡದೆ ಪಡೆಯಬಹುದು, ನಿಜ. ಆದರೆ ನನ್ನ ಮನಸ್ಸಿಗೆ ನಾಟಿದ್ದು ಅದಲ್ಲ. ಹಳೆಯ ಸದಸ್ಯರಿಗೆ ನೆನಪಿರಬಹುದು. ವರ್ಷಗಳ ಹಿಂದೆ ನಾವು ಷೇರು ಖಾತೆಗೆಂದು ಸಣ್ಣ ಸಂಸ್ಥೆಯೊಂದರಿಂದ ತಂತ್ರಾಂಶ ಬರೆಸಿದ್ದೆವು. ಆರು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಆ ಸಂಸ್ಥೆ ಬಾಗಿಲು ಹಾಕಿತು. ಯಂತ್ರ ಬದಲಿಸಿದಾಗ ತಂತ್ರಾಂಶ ಕೀಲಿ ಕೇಳಿತು. ಕೀಲಿ ಕೊಡುವವರೇ ಇರಲಿಲ್ಲ. ಕಡತ ಕಣ್ಣೆದುರಿಗಿದ್ದರೂ ತೆರೆಯಲಾಗಲಿಲ್ಲ. ಕೊನೆಗೆ ಮುದ್ರಿಸಿಟ್ಟ ಹಾಳೆಗಳನ್ನೂ ಕೈಬರಹದ ಲೆಡ್ಜರುಗಳನ್ನೂ ಹರಡಿಕೊಂಡು, ನಾನೂ ನಮ್ಮ ಗುಮಾಸ್ತರೂ ಒಂದು ಇಡೀ ಮಳೆಗಾಲ ಕುಳಿತು ಎಲ್ಲವನ್ನೂ ಮತ್ತೆ ಬರೆದೆವು. ಇಬ್ಬರು ಸದಸ್ಯರ ಡಿವಿಡೆಂಡ್ ಲೆಕ್ಕ ತಪ್ಪಿ, ಮುಂದಿನ ಮಹಾಸಭೆಯಲ್ಲಿ ನಾನು ತಲೆ ತಗ್ಗಿಸಿ ನಿಲ್ಲಬೇಕಾಯಿತು. ಸದಸ್ಯರ ಲೆಕ್ಕ ಸದಸ್ಯರದ್ದು. ಅದನ್ನು ಇಟ್ಟ ಪೆಟ್ಟಿಗೆಯ ಬೀಗ ಪರರ ಕೈಯಲ್ಲಿರಬಾರದು ಎಂಬ ಪಾಠ ಅಂದು ಕಲಿತೆ.

ಮುಕ್ತ ತಂತ್ರಾಂಶದ ಪ್ರಯೋಜನ ಇಲ್ಲಿದೆ. ಪತ್ರ ಬರೆಯಲು, ಕೋಷ್ಟಕ ಮಾಡಲು ಲಿಬ್ರೆ ಆಫೀಸ್ ಎಂಬುದಿದೆ. 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದು ಬಂದದ್ದು. ಅದು ಕಡತಗಳನ್ನು ಉಳಿಸುವ ಓಪನ್ ಡಾಕ್ಯುಮೆಂಟ್ ಎಂಬ ವಿಧಾನ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಒಪ್ಪಿಗೆ ಪಡೆದಿದೆ. ಅದರ ವಿವರ ಬಹಿರಂಗವಾಗಿರುವುದರಿಂದ, ಇಂದಿನ ತಂತ್ರಾಂಶ ನಾಳೆ ಇಲ್ಲವಾದರೂ ಮತ್ತೊಬ್ಬರು ಆ ಕಡತ ತೆರೆಯುವ ದಾರಿ ಮಾಡಿಕೊಡಬಲ್ಲರು.

ಇತರರ ಅನುಭವ

ನಮ್ಮ ನೆರೆಯ ಕೇರಳದ ಶಾಲೆಗಳು ಈ ಶತಮಾನದ ಮೊದಲ ದಶಕದಲ್ಲಿಯೇ ಮುಕ್ತ ತಂತ್ರಾಂಶಕ್ಕೆ ಬದಲಾದವು. ಇಂದಿಗೂ ಅಲ್ಲಿನ ಮಕ್ಕಳು ಲಿನಕ್ಸಿನಲ್ಲಿಯೇ ಕಲಿಯುತ್ತಾರೆ. ಭಾರತ ಸರ್ಕಾರ 2015ರಲ್ಲಿ ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿತು. ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಸರ್ಕಾರಿ ಯಂತ್ರಗಳನ್ನು ಲಿಬ್ರೆ ಆಫೀಸಿಗೂ ಮುಂದೆ ಲಿನಕ್ಸಿಗೂ ಒಯ್ಯುವ ತೀರ್ಮಾನ ಸಾರಿತು.

ಆದರೆ ಎಲ್ಲೆಲ್ಲೂ ಹೂವಿನ ಹಾಸಿಗೆಯಲ್ಲ. ಅದೇ ಜರ್ಮನಿಯ ಮ್ಯೂನಿಕ್ ನಗರಸಭೆ ಹತ್ತು ವರ್ಷ ಶ್ರಮಪಟ್ಟು 2013ರ ಹೊತ್ತಿಗೆ ಸುಮಾರು 15,000 ಯಂತ್ರಗಳನ್ನು ಲಿನಕ್ಸಿಗೆ ತಂದಿತ್ತು. 2017ರಲ್ಲಿ ಮತ್ತೆ ವಿಂಡೋಸಿಗೆ ಮರಳಲು ಅಲ್ಲಿನ ಸಭೆಯೇ ನಿರ್ಣಯಿಸಿತು. ಆಡಳಿತ ಬದಲಾದದ್ದು, ವಿಂಡೋಸಿನಲ್ಲಿ ಮಾತ್ರ ನಡೆಯುವ ಕೆಲವು ತಂತ್ರಾಂಶಗಳು ಉಳಿದುಕೊಂಡದ್ದು, ನೌಕರರ ದೂರುಗಳು, ಹೀಗೆ ಹಲವು ಮಾತುಗಳು ಅಲ್ಲಿ ಬಂದವು. ಯಂತ್ರ ಬದಲಿಸುವುದು ಸುಲಭ, ಅಭ್ಯಾಸ ಬದಲಿಸುವುದು ಕಷ್ಟ ಎಂದು ನಾವು ತಿಳಿಯಬೇಕು.

ಇದನ್ನು ನಡೆಸುವವರು ಯಾರು?

'ದುಡ್ಡಿಲ್ಲದೆ ಕೊಡುವವರು ಯಾಕೆ ಕೊಡುತ್ತಾರೆ?' ಎಂಬ ಸಂಶಯ ಸಹಜ. ಲಿನಕ್ಸ್ ತಿರುಳನ್ನು ಇಂದು ಬಹುಮಟ್ಟಿಗೆ ದೊಡ್ಡ ಕಂಪನಿಗಳ ಸಂಬಳದ ಇಂಜಿನಿಯರುಗಳೇ ನೋಡಿಕೊಳ್ಳುತ್ತಾರೆ. ಏಕೆಂದರೆ ಆ ಕಂಪನಿಗಳ ವ್ಯವಹಾರ ಅದರ ಮೇಲೆಯೇ ನಿಂತಿದೆ. ಆದರೆ ಅದರ ಸುತ್ತಲಿನ ಎಷ್ಟೋ ಸಣ್ಣ ತಂತ್ರಾಂಶಗಳನ್ನು ಒಬ್ಬಿಬ್ಬರು ತಮ್ಮ ಬಿಡುವಿನಲ್ಲಿ ನಡೆಸುತ್ತಾರೆ. ಅಪಾಯವೂ ಅಲ್ಲಿಯೇ ಇದೆ.

2024ರ ಮಾರ್ಚ್ ಕೊನೆಯಲ್ಲಿ ನಡೆದ ಪ್ರಸಂಗ ಹೇಳುತ್ತೇನೆ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವಿದೆ. ಅದನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಸಹಾಯಕ್ಕೆ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿ, ಕೊನೆಗೆ ಅದರ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಅಡಗಿಸಿಟ್ಟರು. ಆಂಡ್ರೆಸ್ ಫ್ರೋಯಿಂಡ್ ಎಂಬ ಇಂಜಿನಿಯರಿಗೆ ತಮ್ಮ ಯಂತ್ರದ ಒಳಹೋಗುವಾಗ ಅರ್ಧ ಸೆಕೆಂಡು ತಡವಾದದ್ದು ಕಂಡಿತು. ಅರ್ಧ ಸೆಕೆಂಡೇ ತಾನೆ ಎಂದು ಬಿಡದೆ, ಮೂಲ ಹುಡುಕುತ್ತ ಹೋಗಿ ಕಳ್ಳತನ ಹಿಡಿದು ಮಾರ್ಚ್ 29ರಂದು ಬಯಲು ಮಾಡಿದರು. ಹೆಚ್ಚಿನ ಯಂತ್ರಗಳನ್ನು ತಲುಪುವ ಮೊದಲೇ ಅದನ್ನು ಹಿಂತೆಗೆಯಲಾಯಿತು. ಮೂಲ ಬರಹ ಬಹಿರಂಗವಾಗಿದ್ದರಿಂದ ಹೊರಗಿನವರೊಬ್ಬರು ಹಿಡಿಯಲು ಸಾಧ್ಯವಾಯಿತು. ಒಬ್ಬರ ತಲೆಯ ಮೇಲೆಯೇ ಭಾರ ಬಿಟ್ಟದ್ದರಿಂದ ಕಳ್ಳನಿಗೂ ದಾರಿಯಾಯಿತು.

ಸಹಕಾರ ಸಂಘದಲ್ಲಿ ಕೆಲಸ ಮಾಡಿದವರಿಗೆ ಇದು ಹೊಸ ಕಥೆಯಲ್ಲ. ಎಲ್ಲರ ಸ್ವತ್ತು ಎಂದು ಎಲ್ಲರೂ ಸುಮ್ಮನಿದ್ದರೆ, ಒಬ್ಬನ ಕೈಗೆ ಬೀಗದಕೈ ಹೋಗುತ್ತದೆ. ನಮ್ಮ ಕಚೇರಿಯಲ್ಲಿ ಈ ಯಂತ್ರಗಳ ವಿಚಾರ ತಿಳಿದಿರುವುದು ನನಗೆ ಮತ್ತು ಗುಮಾಸ್ತರಿಗೆ ಮಾತ್ರ. ನಾಳೆ ನಾವಿಬ್ಬರೂ ಇಲ್ಲವಾದರೆ? ಆದ್ದರಿಂದ ಯಾವ ತಂತ್ರಾಂಶ ಬಂದರೂ ಅದನ್ನು ಕನಿಷ್ಠ ನಾಲ್ವರು ಕಲಿಯಬೇಕೆಂಬುದು ನನ್ನ ಮೊದಲ ಕೋರಿಕೆ.

ಕನ್ನಡದ ವಿಷಯ

ಲಿನಕ್ಸಿನಲ್ಲಿ ಕನ್ನಡ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬರುತ್ತದೆ. ನಮಗೆ ರೂಢಿಯಾದ ಕಗಪ ಕೀಲಿಮಣೆಯ ವಿನ್ಯಾಸವೂ ಅದರಲ್ಲಿದೆ, ಪ್ರತ್ಯೇಕ ಖರೀದಿ ಬೇಡ. ತೊಡಕಿರುವುದು ಹಳೆಯ ಕಡತಗಳಲ್ಲಿ. ಮುಂಚೆ ನಾವು ಬರೆದ ನಡಾವಳಿಗಳೆಲ್ಲ ಹಳೆಯ ನುಡಿ ಅಕ್ಷರಶೈಲಿಯವು. ಅವುಗಳಲ್ಲಿ ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ ಕನ್ನಡದ ಚಿತ್ರವನ್ನು ಕೂರಿಸಲಾಗಿತ್ತು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು ಕಾಣುತ್ತದೆ. ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿದೆ. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವುದುಂಟು. ಕಣ್ಣಿಟ್ಟು ಓದಿ ತಿದ್ದಬೇಕು. ಲಿನಕ್ಸಿಗೆ ಹೋಗಲಿ ಬಿಡಲಿ, ಈ ಕೆಲಸವನ್ನು ಮಾತ್ರ ತಡಮಾಡಬಾರದು.

ಮಳೆ ಅಳೆಯುವ ಹವ್ಯಾಸ

ಇದಕ್ಕೆ ಸಂಬಂಧಿಸಿದ ಇನ್ನೊಂದು ವಿಷಯ ಹವ್ಯಾಸಿಗಳ ಪುಟ್ಟ ಯಂತ್ರಗಳದ್ದು. ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗೆಂದು ಆರ್ಡುಯಿನೋ ಎಂಬ ಸಣ್ಣ ಫಲಕ ಹುಟ್ಟಿತು. ಅದರ ನಕ್ಷೆಯೇ ಬಹಿರಂಗವಾದ್ದರಿಂದ ಯಾರು ಬೇಕಾದರೂ ತಯಾರಿಸಬಹುದು. 2025ರ ಅಕ್ಟೋಬರಿನಲ್ಲಿ ಕ್ವಾಲ್‌ಕಾಮ್ ಎಂಬ ದೊಡ್ಡ ಕಂಪನಿ ಆ ಸಂಸ್ಥೆಯನ್ನು ಕೊಳ್ಳುವುದಾಗಿ ಪ್ರಕಟಿಸಿದಾಗ, ನಕ್ಷೆ ಮುಂದೆಯೂ ಬಹಿರಂಗವಾಗಿರುವುದೇ ಎಂದು ಹವ್ಯಾಸಿಗಳು ಕಳವಳಪಟ್ಟರು. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಎಬೆನ್ ಅಪ್ಟನ್ ಮತ್ತು ಗೆಳೆಯರು 2012ರಲ್ಲಿ ತಂದ ರಾಸ್ಪ್‌ಬೆರಿ ಪೈ ಮತ್ತೊಂದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದರೂ ಅದು ಲಿನಕ್ಸ್ ಓಡಿಸುವ ಪೂರ್ಣ ಗಣಕಯಂತ್ರ. ಮೊದಲಿಗೆ ಅದರ ಬೆಲೆ 35 ಡಾಲರ್ ಇತ್ತು. ಮೆಮೊರಿ ಚಿಪ್ಪುಗಳಿಗೆ ಬೇಡಿಕೆ ಹೆಚ್ಚಿ 2025ರ ಡಿಸೆಂಬರಿನಲ್ಲಿ ಅದರ ಹಲವು ಮಾದರಿಗಳ ಬೆಲೆ ಏರಿತು.

ನಮ್ಮ ಸದಸ್ಯರೊಬ್ಬರ ಮಗ, ಡಿಪ್ಲೊಮಾ ಓದುತ್ತಿರುವ ಹುಡುಗ, ಆರ್ಡುಯಿನೋ ಮಾದರಿಯ ಫಲಕದಿಂದ ಮಳೆಮಾಪಕ ಮಾಡಿದ್ದಾನೆ. ಆಲಿಕೆಯಿಂದ ಬಿದ್ದ ನೀರು ತಕ್ಕಡಿಯಂತಿರುವ ಎರಡು ಪುಟ್ಟ ತೊಟ್ಟಿಗಳಲ್ಲಿ ಒಂದನ್ನು ತುಂಬುತ್ತದೆ. ತುಂಬಿದೊಡನೆ ಅದು ಮಗುಚಿ ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಸಲ ಮಗುಚಿದಾಗ ಅಂಟಿಸಿದ ಅಯಸ್ಕಾಂತ ಒಂದು ಸ್ವಿಚ್ಚನ್ನು ತಾಗಿ ಹೋಗುತ್ತದೆ. ಫಲಕ ಲೆಕ್ಕ ಬರೆದುಕೊಳ್ಳುತ್ತದೆ. ಅವನ ಮಾಪಕದಲ್ಲಿ ಒಂದು ಮಗುಚಿಗೆ 0.2 ಮಿ.ಮೀ. ಮಳೆ, ಅಂದರೆ 127 ಸಲ ಮಗುಚಿದರೆ ಒಂದು ಇಂಚು. ಹೂಮಳೆ ಎಷ್ಟು ಸೆಂಟ್ ಬಂತು, ಎಷ್ಟು ಹೊತ್ತು ಬಂತು ಎಂಬುದು ನಿದ್ದೆ ಕೆಡದೆ ತಿಳಿಯುತ್ತದೆ. ಕೊರತೆಗಳೂ ಇವೆ. ಆಷಾಢದ ಜಡಿಮಳೆಯಲ್ಲಿ ಇಂತಹ ಮಾಪಕ ಸ್ವಲ್ಪ ಕಡಿಮೆ ತೋರಿಸುತ್ತದೆ. ಜೇಡನ ಬಲೆ, ಇರುವೆ, ತರಗೆಲೆ ಸೇರಿದರೆ ನಿಂತೇ ಹೋಗುತ್ತದೆ. ಆದ್ದರಿಂದ ಗಾಜಿನ ಅಳತೆಯ ಹಳೆಯ ಮಾಪಕವನ್ನು ಬೆಳಿಗ್ಗೆ ಎಂಟೂವರೆಗೆ ನೋಡಿ ಪುಸ್ತಕದಲ್ಲಿ ಬರೆಯುವ ಪದ್ಧತಿಯನ್ನು ಯಾರೂ ಬಿಡಬೇಡಿ. ಹೊಸದನ್ನು ಅದರ ಪಕ್ಕದಲ್ಲಿಟ್ಟು ತಾಳೆ ನೋಡಿ.

ನನ್ನ ಸಲಹೆ

ಮಹಾಸಭೆಯ ಮುಂದೆ ಇಡಬೇಕೆಂದಿರುವ ಸಲಹೆಗಳು ಇವು:

1. ಲೆಕ್ಕಪತ್ರದ ಯಂತ್ರವೊಂದನ್ನು ಮಾತ್ರ ಹೊಸದಾಗಿ ಕೊಳ್ಳುವುದು. ನಾವು ಬಳಸುವ ಲೆಕ್ಕದ ತಂತ್ರಾಂಶವೂ ಡಿಜಿಟಲ್ ಸಹಿಯ ಸಾಧನವೂ ವಿಂಡೋಸಿಗೆ ಹೊಂದಿಕೊಂಡಿವೆ. ಅಲ್ಲಿ ಸದ್ಯಕ್ಕೆ ಸಾಹಸ ಬೇಡ.

2. ಉಳಿದ ಎರಡು ಹಳೆಯ ಯಂತ್ರಗಳಿಗೆ ಲಿನಕ್ಸ್ ಮಿಂಟ್ ಹಾಕುವುದು. ಅದಕ್ಕೆ 2 ಜಿ.ಬಿ. ಮೆಮೊರಿ ಸಾಕು, 4 ಜಿ.ಬಿ. ಇದ್ದರೆ ಅನುಕೂಲ, ನಮ್ಮಲ್ಲಿ 4 ಇದೆ. ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತೆಯ ತಿದ್ದುಪಡಿಗಳು ಬರುತ್ತವೆ. ಪತ್ರವ್ಯವಹಾರ, ನಡಾವಳಿ, ಈ ವಾರ್ತಾಪತ್ರಿಕೆಯ ಕೆಲಸಕ್ಕೆ ಅಷ್ಟು ಸಾಕು.

3. ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ಮುದ್ರಣಯಂತ್ರ, ಸ್ಕ್ಯಾನರ್ ಕೆಲಸ ಮಾಡುವುದೇ ಎಂದು ನೋಡುವುದು. ಹೀಗೆ ನೋಡುವಾಗ ಒಳಗಿನ ಕಡತಗಳಿಗೆ ಏನೂ ಆಗುವುದಿಲ್ಲ. ಆದರೆ ಖಾಯಂ ಆಗಿ ಹಾಕುವಾಗ ಇದ್ದದ್ದೆಲ್ಲ ಅಳಿಸಿ ಹೋಗಬಹುದಾದ್ದರಿಂದ, ಎಲ್ಲ ಕಡತಗಳ ಎರಡು ಪ್ರತಿ ತೆಗೆದು ಒಂದನ್ನು ಕಚೇರಿಯ ಹೊರಗೆ ಇಡತಕ್ಕದ್ದು.

4. ಉಳಿತಾಯವಾದ ಹಣದಲ್ಲಿ ಒಂದು ಭಾಗವನ್ನು ನಾಲ್ವರು ಯುವ ಸದಸ್ಯರ ತರಬೇತಿಗೆ ಮೀಸಲಿಡುವುದು. ಆರು ತಿಂಗಳ ನಂತರ ಅನುಭವವನ್ನು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಇದೇ ಪತ್ರಿಕೆಯಲ್ಲಿ ವರದಿ ಮಾಡುವುದು.

ಮನೆಯಲ್ಲಿ ಹಳೆಯ ಯಂತ್ರ ಇಟ್ಟುಕೊಂಡಿರುವ ಸದಸ್ಯರು ಅವಸರದಲ್ಲಿ ಗುಜರಿಗೆ ಕೊಡಬೇಡಿ. ಮಕ್ಕಳ ಓದಿಗೆ ಅದು ಇನ್ನೂ ಕೆಲವು ವರ್ಷ ಬಾಳೀತು. ಪ್ರಯತ್ನಿಸಲು ಬಯಸುವವರು ಶನಿವಾರ ಮಧ್ಯಾಹ್ನ ಕಚೇರಿಗೆ ಬಂದರೆ ಮಿಂಟ್ ತುಂಬಿದ ಪೆನ್‌ಡ್ರೈವ್ ಕೊಟ್ಟು ತೋರಿಸುತ್ತೇವೆ. ಹಾಂ, ಬರುವಾಗ ಯಂತ್ರದ ಜೊತೆಗೆ ಅದರ ಪಾಸ್‌ವರ್ಡನ್ನೂ ನೆನಪಿಟ್ಟುಕೊಂಡು ಬನ್ನಿ.

ಸಭೆಯಲ್ಲಿ ಮೊದಲು ಪ್ರಶ್ನೆ ಎತ್ತಿದ ಹಿರಿಯರಿಗೆ ವಂದನೆಗಳು. ಅವರು ಕೇಳದಿದ್ದರೆ, ನಾನು ಮೂರು ಯಂತ್ರಗಳ ಕೊಟೇಷನ್ನಿಗೆ ಸಹಿ ಹಾಕಿಬಿಡುತ್ತಿದ್ದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ